ಮುಪ್ಪಿನ ಆರೈಕೆ ಮತ್ತು ಎಳೆಯ ಹೆಗಲು: ಕರ್ನಾಟಕದ ಕುಟುಂಬಗಳಲ್ಲಿ ಯುವ ಆರೈಕೆದಾರರು

ವೃದ್ಧಾಪ್ಯವನ್ನು ಕುರಿತ ಸಾಮಾಜಿಕ ಅಧ್ಯಯನಗಳು ಸಹಜವಾಗಿಯೇ ವೃದ್ಧರನ್ನು ಕೇಂದ್ರವಾಗಿರಿಸಿಕೊಳ್ಳುತ್ತವೆ. ವೃದ್ಧರ ಆರೋಗ್ಯ, ಆದಾಯ, ಒಂಟಿತನ, ಅವರ ಮೇಲೆ ನಡೆಯುವ ದೌರ್ಜನ್ಯ ಮೊದಲಾದವುಗಳು ಈ ಕ್ಷೇತ್ರದ ಪರಿಚಿತ ವಿಷಯಗಳು. ಆರೈಕೆ ಮಾಡುವವರ ಕಡೆಗೆ ದೃಷ್ಟಿ ಹೊರಳಿದಾಗಲೂ ಅದು ಬಹುಮಟ್ಟಿಗೆ ನಡುವಯಸ್ಸಿನ ಮಗ, ಮಗಳು ಅಥವಾ ಸೊಸೆಯ ಮೇಲೆ ನಿಲ್ಲುತ್ತದೆ. ಆದರೆ ಹದಿನೆಂಟರಿಂದ ಮೂವತ್ತರ ನಡುವಿನ ವಯಸ್ಸಿನಲ್ಲಿ, ಅಂದರೆ ಓದು ಮುಗಿಯುವ, ಉದ್ಯೋಗ ದೊರೆಯುವ, ಮದುವೆ ಏರ್ಪಡುವ ಕಾಲದಲ್ಲಿಯೇ ತಂದೆ, ತಾಯಿ, ಅಜ್ಜ, ಅಜ್ಜಿಯರ ದೈನಂದಿನ ಶುಶ್ರೂಷೆಯನ್ನು ಹೊತ್ತುಕೊಳ್ಳುವ ಯುವಜನರ ಸ್ಥಿತಿಗತಿ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಈ ಆರೈಕೆಯು ಯುವ ವಯಸ್ಕ ಮಕ್ಕಳ ಬದುಕಿನ ಮೇಲೆ ಬೀರುವ ಪರಿಣಾಮಗಳನ್ನು ಕರ್ನಾಟಕದ ಸಂದರ್ಭದಲ್ಲಿಟ್ಟು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಜನಸಂಖ್ಯಾ ಹಿನ್ನೆಲೆ

೨೦೧೧ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಸುಮಾರು ೧೦.೪ ಕೋಟಿಯಷ್ಟಿದ್ದು, ಅದು ಒಟ್ಟು ಜನಸಂಖ್ಯೆಯ ಶೇ. ೮.೬ರಷ್ಟಾಗಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ರಾಷ್ಟ್ರದ ಸರಾಸರಿಗಿಂತ ಹೆಚ್ಚಾಗಿದ್ದು, ಶೇ. ೯.೫ರ ಆಸುಪಾಸಿನಲ್ಲಿತ್ತು. ಇದೇ ಅವಧಿಯಲ್ಲಿ ಕುಟುಂಬದಲ್ಲಿನ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೨೦೦೫-೦೬ರಲ್ಲಿ ರಾಜ್ಯದ ಒಟ್ಟು ಫಲವಂತಿಕೆಯ ದರ ೨.೧ ಇದ್ದುದು ೨೦೧೯-೨೧ರ ವೇಳೆಗೆ ೧.೭ಕ್ಕೆ ಇಳಿದಿದೆ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದಾಗ ಪರಿಸ್ಥಿತಿ ಸ್ಪಷ್ಟವಾಗುತ್ತದೆ. ಹಿಂದೆ ಐದಾರು ಮಕ್ಕಳ ನಡುವೆ ಹಂಚಿಹೋಗುತ್ತಿದ್ದ ಹೊಣೆ ಇಂದು ಒಬ್ಬರ ಅಥವಾ ಇಬ್ಬರ ಪಾಲಿಗೆ ಬರುತ್ತಿದೆ. ಆ ಒಬ್ಬರು ಇನ್ನೂ ಕಾಲೇಜಿನಲ್ಲಿದ್ದರೂ ಹೊಣೆ ಕಾಯುವುದಿಲ್ಲ.

ಆಯುಷ್ಯದ ಹೆಚ್ಚಳವು ಆರೋಗ್ಯದ ಹೆಚ್ಚಳವೇ ಆಗಿರಬೇಕೆಂದಿಲ್ಲ. ೨೦೧೭-೧೮ರಲ್ಲಿ ನಡೆದ ಭಾರತದ ದೀರ್ಘಕಾಲಿಕ ವೃದ್ಧಾಪ್ಯ ಅಧ್ಯಯನದ ಮೊದಲ ಸುತ್ತು, ಅರವತ್ತು ಮೀರಿದವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಜನರಿಗೆ ಸ್ನಾನ, ಊಟ, ಉಡುಗೆ, ಶೌಚ, ನಡಿಗೆ ಮೊದಲಾದ ನಿತ್ಯಕರ್ಮಗಳಲ್ಲಿ ಒಂದಾದರೂ ತೊಡಕು ಇರುವುದನ್ನು ದಾಖಲಿಸಿತು. ಅದೇ ಅಧ್ಯಯನದ ಅಂಗವಾಗಿ ನಡೆದ ಮರೆವಿನ ಕಾಯಿಲೆಯ ಪರಿಶೀಲನೆಯು ದೇಶದಲ್ಲಿ ಸುಮಾರು ೮೮ ಲಕ್ಷ ವೃದ್ಧರು, ಎಂದರೆ ಅರವತ್ತು ಮೀರಿದವರಲ್ಲಿ ಶೇ. ೭.೪ರಷ್ಟು ಜನ, ಡಿಮೆನ್ಷಿಯಾದಿಂದ ಬಳಲುತ್ತಿರಬಹುದೆಂದು ೨೦೨೩ರಲ್ಲಿ ಅಂದಾಜು ಮಾಡಿದೆ. ಇಂತಹ ರೋಗಿಗಳಲ್ಲಿ ಬಹುತೇಕರು ಮನೆಯಲ್ಲಿಯೇ ಇರುತ್ತಾರೆಂಬುದನ್ನು ನೆನೆದರೆ, ಆಸ್ಪತ್ರೆಯ ಅಂಕಿಅಂಶಗಳಲ್ಲಿ ಕಾಣದ ದುಡಿಮೆ ಎಷ್ಟೆಂಬುದು ಊಹೆಗೆ ನಿಲುಕುತ್ತದೆ.

ಆದರೆ ಹಿಂದಿನ ಕಾಲದಲ್ಲಿ ಅವಿಭಕ್ತ ಕುಟುಂಬವೊಂದು ಎಲ್ಲೆಡೆ ಇದ್ದು, ಈಗ ಅದು ಒಡೆದು ವೃದ್ಧರು ಅನಾಥರಾದರೆಂಬ ಜನಪ್ರಿಯ ನಿರೂಪಣೆಯನ್ನು ಎಚ್ಚರದಿಂದ ಸ್ವೀಕರಿಸಬೇಕಾಗುತ್ತದೆ. ಕುಟುಂಬ ಮತ್ತು ಗೃಹಗುಂಪುಗಳ ನಡುವಿನ ಭೇದವನ್ನು ಗುರುತಿಸಿದ ಸಮಾಜಶಾಸ್ತ್ರಜ್ಞ ಎ. ಎಂ. ಷಾ ಅವರು ೧೯೭೩ರಷ್ಟು ಹಿಂದೆಯೇ ಇಂತಹ ಸರಳ ಇತಿಹಾಸವನ್ನು ಪ್ರಶ್ನಿಸಿದ್ದರು. ಆಯುಷ್ಯ ಕಡಿಮೆಯಿದ್ದ ಕಾಲದಲ್ಲಿ ದೀರ್ಘಕಾಲ ಹಾಸಿಗೆ ಹಿಡಿದ ವೃದ್ಧರ ಸಂಖ್ಯೆಯೂ ಕಡಿಮೆಯಿತ್ತು. ಕರ್ನಾಟಕದ ಒಳಗೂ ಕುಟುಂಬದ ರಚನೆ ಒಂದೇ ಬಗೆಯದಾಗಿರಲಿಲ್ಲ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯು ಹೆಣ್ಣಿನ ಸಂತತಿಯ ಮೂಲಕ ಸಾಗುತ್ತಿದ್ದುದರಿಂದ ಸೋದರಮಾವ ಮತ್ತು ಸೋದರಳಿಯರ ನಡುವಿನ ಹೊಣೆಗಾರಿಕೆಯು ಪಿತೃಪ್ರಧಾನ ಕುಟುಂಬಗಳಿಗಿಂತ ಭಿನ್ನವಾಗಿತ್ತು. ಆದುದರಿಂದ ಇಂದಿನ ಯುವಜನರನ್ನು ಹಿಂದಿನ ಆದರ್ಶವೊಂದರಿಂದ ಜಾರಿದವರೆಂದು ಭಾವಿಸುವುದಕ್ಕಿಂತ, ಹಿಂದಿನ ತಲೆಮಾರುಗಳು ಈ ಪ್ರಮಾಣದಲ್ಲಿ ಎದುರಿಸದ ಹೊಸ ಕೆಲಸವೊಂದನ್ನು ಹೊತ್ತವರೆಂದು ಭಾವಿಸುವುದು ಹೆಚ್ಚು ಸಮಂಜಸವಾಗುತ್ತದೆ.

ಋಣದ ಪರಿಕಲ್ಪನೆ

ಈ ಹೊಣೆಯನ್ನು ಅರ್ಥಮಾಡಿಕೊಳ್ಳಲು ‘ಋಣ’ ಎಂಬ ಪರಿಕಲ್ಪನೆ ಸಹಕಾರಿಯಾಗುತ್ತದೆ. ಹೆತ್ತವರ ಋಣ ತೀರಿಸಲಾಗದ್ದು ಎಂಬ ನಂಬಿಕೆ ಜಾತಿ, ಮತ, ವರ್ಗಗಳನ್ನು ಮೀರಿ ಕನ್ನಡ ಸಮಾಜದಲ್ಲಿ ಬೇರೂರಿದೆ. ಬಂಗಾಳದ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞೆ ಸಾರಾ ಲ್ಯಾಂಬ್, ಬಾಲ್ಯದಲ್ಲಿ ಪಡೆದ ಅನ್ನ, ಬಟ್ಟೆ, ಶುಶ್ರೂಷೆಗಳನ್ನು ಮಕ್ಕಳು ಮುಪ್ಪಿನಲ್ಲಿ ಹಿಂದಿರುಗಿಸುವ ಈ ದೀರ್ಘಕಾಲದ ಕೊಡುಕೊಳೆಯನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಆದರೆ ಈ ಲೆಕ್ಕಾಚಾರದಲ್ಲಿ ಒಂದು ಕಾಲಕ್ರಮ ಅಡಗಿದೆ. ಮಕ್ಕಳು ಬೆಳೆದು, ನೆಲೆ ನಿಂತು, ಅನಂತರ ಋಣ ಸಂದಾಯ ಮಾಡಬೇಕು ಎಂಬುದೇ ಆ ಕ್ರಮ. ನೆಲೆ ನಿಲ್ಲುವುದಕ್ಕೆ ಮುಂಚೆಯೇ ಸಂದಾಯದ ಗಡುವು ಬಂದಾಗ ಈ ನೈತಿಕ ವ್ಯವಸ್ಥೆಯು ಉತ್ತರವಿಲ್ಲದೆ ನಿಲ್ಲುತ್ತದೆ.

ಇದೇ ಪ್ರಶ್ನೆಯನ್ನು ಮಹಾಭಾರತದ ಆದಿಪರ್ವದ ಯಯಾತಿಯ ಕಥೆ ಬೇರೊಂದು ರೀತಿಯಲ್ಲಿ ಎತ್ತುತ್ತದೆ. ಶುಕ್ರಾಚಾರ್ಯರ ಶಾಪದಿಂದ ಅಕಾಲ ಮುಪ್ಪಿಗೆ ಒಳಗಾದ ಯಯಾತಿಯು ತನ್ನ ಮುಪ್ಪನ್ನು ತೆಗೆದುಕೊಳ್ಳುವಂತೆ ಮಕ್ಕಳನ್ನು ಕೇಳುತ್ತಾನೆ. ನಿರಾಕರಿಸಿದ ನಾಲ್ವರಿಗೆ ಶಾಪವೂ ಒಪ್ಪಿದ ಕಿರಿಯ ಮಗ ಪುರುವಿಗೆ ರಾಜ್ಯವೂ ದೊರೆಯುತ್ತವೆ. ಪುರಾಣವು ಪುರುವಿನ ತ್ಯಾಗವನ್ನು ಕೊಂಡಾಡಿದರೆ, ೧೯೬೧ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವು ಪುರುವಿನ ಪತ್ನಿ ಚಿತ್ರಲೇಖೆಯ ಪಾತ್ರವನ್ನು ಸೃಷ್ಟಿಸಿ, ಆ ತ್ಯಾಗದ ಬೆಲೆ ತೆತ್ತವರು ಯಾರೆಂದು ಕೇಳಿತು. ವಿದೇಶ ವ್ಯಾಸಂಗಕ್ಕೆ ಹೊರಡುವ ಹೊತ್ತಿನಲ್ಲಿ ಮನೆಯವರ ನಿರೀಕ್ಷೆಗಳು ತಂದ ಒತ್ತಡ ಈ ನಾಟಕದ ಹಿಂದಿತ್ತೆಂಬುದನ್ನು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಶ್ರವಣಕುಮಾರನ ಕಥೆಯನ್ನು ಮಾತ್ರ ಮಾದರಿಯಾಗಿ ಮುಂದಿಡುವ ಸಮಾಜವು ಪುರುವಿನ ಮತ್ತು ಚಿತ್ರಲೇಖೆಯ ಪ್ರಶ್ನೆಯನ್ನೂ ಕೇಳಿಸಿಕೊಳ್ಳಬೇಕಾಗಿದೆ.

ಆರೈಕೆಯ ಸ್ವರೂಪ

‘ನೋಡಿಕೊಳ್ಳುವುದು’ ಎಂಬ ಒಂದೇ ಕ್ರಿಯಾಪದದಲ್ಲಿ ಅನೇಕ ಬಗೆಯ ಕೆಲಸಗಳು ಸೇರಿಹೋಗಿವೆ. ಮೊದಲನೆಯದು ದೇಹದ ಶುಶ್ರೂಷೆ. ಪಾರ್ಶ್ವವಾಯುವಿನಿಂದ ಮಲಗಿದವರಿಗೆ ಹಾಸಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಗಂಟಲಿಗೆ ಸಿಕ್ಕದಂತೆ ಗಂಜಿ ಉಣಿಸುವುದು, ಮಲಮೂತ್ರಗಳನ್ನು ತೆಗೆಯುವುದು, ರಾತ್ರಿ ಎದ್ದು ನೋಡುವುದು ಇದರಲ್ಲಿ ಸೇರುತ್ತವೆ. ಎರಡನೆಯದು ಹೊರಗಿನ ಓಡಾಟ. ಆಸ್ಪತ್ರೆಯ ಹೊರರೋಗಿ ವಿಭಾಗದ ಸರತಿಯಲ್ಲಿ ನಿಲ್ಲುವುದು, ಔಷಧಿ ತರುವುದು, ನಿವೃತ್ತಿ ವೇತನದವರಾದರೆ ಪ್ರತಿವರ್ಷ ಜೀವಿತ ಪ್ರಮಾಣಪತ್ರ ಸಲ್ಲಿಸುವುದು, ಬ್ಯಾಂಕು, ವಿಮೆ, ಪಹಣಿಗಳ ವ್ಯವಹಾರ ನಡೆಸುವುದು ಇವು ಸಾಮಾನ್ಯವಾಗಿ ಓದುಬರಹ ಮತ್ತು ಮೊಬೈಲು ಬಲ್ಲ ಕಿರಿಯರ ಪಾಲಿಗೆ ಬರುತ್ತವೆ. ಮೂರನೆಯದು ಕಣ್ಣಿಗೆ ಕಾಣದ ಕಾವಲು. ಮರೆವಿನ ಕಾಯಿಲೆಯವರು ಮನೆಬಿಟ್ಟು ಹೋಗದಂತೆ, ಒಲೆ ಹಚ್ಚಿಟ್ಟು ಮರೆಯದಂತೆ ಸದಾ ಎಚ್ಚರವಾಗಿರುವುದು ಈ ಬಗೆಯದು. ಮೊದಲೆರಡು ಕೆಲಸಗಳಿಗೆ ಕೊನೆಯಿದೆ, ಮೂರನೆಯದಕ್ಕೆ ಇಲ್ಲ. ಯುವ ಆರೈಕೆದಾರರ ಬಳಲಿಕೆಯ ಮುಖ್ಯ ಮೂಲ ಈ ಕಾವಲೇ ಆಗಿರುತ್ತದೆ.

ಶಿಕ್ಷಣ ಮತ್ತು ಉದ್ಯೋಗದ ಮೇಲಿನ ಪರಿಣಾಮ

ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ ೨೦೦೦ದಲ್ಲಿ ಹದಿನೆಂಟರಿಂದ ಇಪ್ಪತ್ತೈದರವರೆಗಿನ ವಯಸ್ಸನ್ನು ‘ಉದಯಿಸುತ್ತಿರುವ ಪ್ರೌಢತೆ’ ಎಂದು ಕರೆದು, ಅದನ್ನು ಸ್ವಂತ ಹಾದಿಯ ಹುಡುಕಾಟದ ಅವಧಿಯೆಂದು ಬಣ್ಣಿಸಿದನು. ಆ ಹುಡುಕಾಟಕ್ಕೆ ಬಿಡುವು ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ ಎಂಬ ಟೀಕೆಯೂ ಆ ಸಿದ್ಧಾಂತಕ್ಕೆ ಎದುರಾಗಿದೆ. ಆರೈಕೆಯ ಹೊಣೆ ಹೊತ್ತ ಯುವಜನರು ಈ ಟೀಕೆಗೆ ಸ್ಪಷ್ಟ ನಿದರ್ಶನವಾಗಿದ್ದಾರೆ.

ಶಿಕ್ಷಣ ಕ್ಷೇತ್ರದಲ್ಲಿ ನಷ್ಟವು ಸಾಮಾನ್ಯವಾಗಿ ಒಮ್ಮೆಲೇ ಸಂಭವಿಸುವುದಿಲ್ಲ. ಮೊದಲು ಹಾಜರಾತಿ ಕೊರತೆ, ಅನಂತರ ಪರೀಕ್ಷೆ ತಪ್ಪುವುದು, ಆಮೇಲೆ ಊರಿಗೆ ಹತ್ತಿರದ ಕಾಲೇಜಿಗೆ ಅಥವಾ ದೂರಶಿಕ್ಷಣಕ್ಕೆ ಬದಲಾಗುವುದು ಹೀಗೆ ಅದು ಹಂತಹಂತವಾಗಿ ನಡೆಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವವರ ವಿಷಯದಲ್ಲಿ ಗರಿಷ್ಠ ವಯೋಮಿತಿಯೂ ಸೇರಿಕೊಳ್ಳುತ್ತದೆ. ಮೂರು ವರ್ಷ ತಾಯಿಯ ಹಾಸಿಗೆಯ ಬಳಿ ಕಳೆದವರಿಗೆ ಆ ಮೂರು ವರ್ಷಗಳನ್ನು ಯಾವ ನೇಮಕಾತಿ ಅಧಿಸೂಚನೆಯೂ ಹಿಂದಿರುಗಿಸುವುದಿಲ್ಲ. ಉದ್ಯೋಗದಲ್ಲಿರುವವರು ವರ್ಗಾವಣೆ, ಬಡ್ತಿ, ಹೊರದೇಶದ ಅವಕಾಶಗಳನ್ನು ಬಿಟ್ಟುಕೊಡುತ್ತಾರೆ. ಗುತ್ತಿಗೆ ಮತ್ತು ದಿನಗೂಲಿಯ ಕೆಲಸದವರಿಗಂತೂ ರಜೆ ಎಂದರೆ ಕೂಲಿಯ ನಷ್ಟವೇ ಆಗಿದೆ. ವೃತ್ತಿಜೀವನದ ಆರಂಭದಲ್ಲಿ ಆಗುವ ಈ ವಿಳಂಬವು ನಡುವಯಸ್ಸಿನಲ್ಲಿ ಆಗುವ ವಿಳಂಬಕ್ಕಿಂತ ಹೆಚ್ಚು ಹಾನಿಕರ. ಏಕೆಂದರೆ ಮುಂದಿನ ವೇತನ, ಸೇವಾವಧಿ, ಉಳಿತಾಯ ಮತ್ತು ಆರೈಕೆದಾರರ ಸ್ವಂತ ಮುಪ್ಪಿನ ಭದ್ರತೆ ಇವೆಲ್ಲವೂ ಆ ಆರಂಭದ ಮೇಲೆಯೇ ನಿಂತಿರುತ್ತವೆ.

ಲಿಂಗಭೇದ ಮತ್ತು ಮದುವೆ

ಆರೈಕೆಯ ಹಂಚಿಕೆಯಲ್ಲಿ ಹೆಣ್ಣು ಮತ್ತು ಗಂಡಿನ ನಡುವಿನ ಅಂತರ ಅಂಕಿಅಂಶಗಳಿಂದ ಸ್ಪಷ್ಟವಾಗುತ್ತದೆ. ೨೦೨೪ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ೧೫ರಿಂದ ೫೯ ವರ್ಷದೊಳಗಿನ ಮಹಿಳೆಯರಲ್ಲಿ ಶೇ. ೪೧ರಷ್ಟು ಜನ ಮನೆಮಂದಿಯ ಆರೈಕೆಯಲ್ಲಿ ತೊಡಗಿದ್ದರೆ, ಪುರುಷರಲ್ಲಿ ಆ ಪ್ರಮಾಣ ಶೇ. ೨೧.೪ ಮಾತ್ರ. ಹಾಗೆ ತೊಡಗಿದ ಮಹಿಳೆಯರು ದಿನಕ್ಕೆ ಸುಮಾರು ೧೪೦ ನಿಮಿಷಗಳನ್ನೂ ಪುರುಷರು ೭೪ ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಾರೆ. ಈ ಲೆಕ್ಕದಲ್ಲಿ ಮಕ್ಕಳ ಪಾಲನೆಯೂ ಸೇರಿರುವುದರಿಂದ ಅದನ್ನು ವೃದ್ಧರ ಆರೈಕೆಗೆ ನೇರವಾಗಿ ಅನ್ವಯಿಸಲಾಗದು. ಆದರೂ ದುಡಿಮೆಯ ಹಂಚಿಕೆಯ ಸ್ವರೂಪವನ್ನು ಅದು ತೋರಿಸುತ್ತದೆ.

ಮಗನು ‘ಮುಪ್ಪಿನ ಊರುಗೋಲು’ ಎಂಬುದು ರೂಢಿಯ ಮಾತು. ಆದರೆ ಊರುಗೋಲಿನ ಹೆಸರು ಮಗನದಾದರೂ ದೇಹದ ಶುಶ್ರೂಷೆ ನಡೆಯುವುದು ಬಹುಮಟ್ಟಿಗೆ ಸೊಸೆಯ ಅಥವಾ ಮದುವೆಯಾಗದ ಮಗಳ ಕೈಯಿಂದ. ಮದುವೆಯಾಗದ ಮಗಳಿಗೆ ಇದರಿಂದ ಇಬ್ಬಗೆಯ ಸಂಕಟ ಒದಗುತ್ತದೆ. ಅವಳು ಮನೆಯಲ್ಲಿರುವುದರಿಂದ ಆರೈಕೆ ಅವಳದಾಗುತ್ತದೆ, ಆರೈಕೆ ಅವಳದಾದುದರಿಂದ ಮದುವೆ ಮುಂದೆ ಹೋಗುತ್ತದೆ. ಮದುವೆಯಾದ ಮಗಳು ತವರಿನ ಹಿರಿಯರನ್ನು ನೋಡಿಕೊಳ್ಳಲು ಅತ್ತೆಮನೆಯ ಅನುಮತಿಯನ್ನು ಕೇಳಬೇಕಾದ ಸ್ಥಿತಿ ಇನ್ನೂ ಹೋಗಿಲ್ಲ. ಹೆಣ್ಣುಮಕ್ಕಳು ಮಾತ್ರ ಇರುವ ಮನೆಗಳಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ.

ಗಂಡುಮಕ್ಕಳ ಮೇಲಿನ ಪರಿಣಾಮವೂ ಉಪೇಕ್ಷಣೀಯವಲ್ಲ. ಮಲೆನಾಡು ಮತ್ತು ಉತ್ತರ ಕನ್ನಡದ ಅಡಿಕೆ ತೋಟದ ಮನೆಗಳಲ್ಲಿ ಹಿರಿಯರನ್ನೂ ತೋಟವನ್ನೂ ನೋಡಿಕೊಳ್ಳಲೆಂದು ಊರಿನಲ್ಲಿ ಉಳಿದ ಯುವಕರಿಗೆ ವಧು ದೊರೆಯದಿರುವುದು ಸಾಮಾನ್ಯ ಅನುಭವವಾಗಿದೆ. ಮಂಡ್ಯ ಭಾಗದ ಅವಿವಾಹಿತ ಕೃಷಿಕ ಯುವಕರು ೨೦೨೩ರ ಫೆಬ್ರವರಿಯಲ್ಲಿ ಮಲೆಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಕೈಗೊಂಡುದು ಗ್ರಾಮೀಣ ಯುವಕರ ವಿವಾಹ ಸಮಸ್ಯೆಯನ್ನು ನಾಡಿನ ಗಮನಕ್ಕೆ ತಂದಿತು. ಇದಕ್ಕೆ ಕೃಷಿಯ ಬಿಕ್ಕಟ್ಟು, ಲಿಂಗಾನುಪಾತ ಮೊದಲಾದ ಅನೇಕ ಕಾರಣಗಳಿವೆ. ಹಿರಿಯರ ಸಲುವಾಗಿ ಊರು ಬಿಡಲಾಗದ ಸ್ಥಿತಿಯು ಅವುಗಳಲ್ಲಿ ಒಂದು ಎಂಬುದನ್ನು ಮರೆಯುವಂತಿಲ್ಲ.

ಮನಸ್ಸಿನ ಮೇಲಿನ ಪರಿಣಾಮ

ಆರೈಕೆದಾರರ ಮನೋಭಾರವನ್ನು ಅಳೆಯಲು ಸ್ಟೀವನ್ ಜಾರಿಟ್ ಮತ್ತು ಸಹವರ್ತಿಗಳು ೧೯೮೦ರಲ್ಲಿ ರೂಪಿಸಿದ ಪ್ರಶ್ನಾವಳಿ ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಆದರೆ ಇಂತಹ ಸಾಧನಗಳನ್ನು ಕನ್ನಡದ ಮನೆಗಳಲ್ಲಿ ಬಳಸುವಾಗ ಒಂದು ತೊಡಕು ಎದುರಾಗುತ್ತದೆ. ತಾಯಿಯನ್ನು ‘ಹೊರೆ’ ಎಂದು ಒಪ್ಪಿಕೊಳ್ಳುವುದು ಇಲ್ಲಿ ಪಾಪದ ಮಾತು. ಕೇಳಿದರೆ ‘ನಮ್ಮ ಕರ್ತವ್ಯ’ ಎಂಬ ಉತ್ತರವೇ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ನಿದ್ರಾಹೀನತೆ, ತಲೆನೋವು, ಬೆನ್ನುನೋವು, ಕಾರಣವಿಲ್ಲದ ಸಿಟ್ಟು ಇವುಗಳ ರೂಪದಲ್ಲಿ ದೇಹವು ಬೇರೊಂದು ಉತ್ತರವನ್ನು ನೀಡುತ್ತಿರುತ್ತದೆ. ಸಂಶೋಧಕರು ಮಾತನ್ನು ಮಾತ್ರ ದಾಖಲಿಸಿದರೆ ಅರ್ಧವಷ್ಟೇ ದಾಖಲಾಗುತ್ತದೆ.

ಮರೆವಿನ ಕಾಯಿಲೆಯ ಸಂದರ್ಭದಲ್ಲಿ ಈ ಭಾರ ಇನ್ನೊಂದು ಬಗೆಯದು. ವ್ಯಕ್ತಿ ಕಣ್ಣೆದುರಿಗಿದ್ದೂ ಪರಿಚಯದ ಮನಸ್ಸು ಇಲ್ಲವಾದ ಸ್ಥಿತಿಯನ್ನು ಪಾಲಿನ್ ಬಾಸ್ ‘ಅಸ್ಪಷ್ಟ ನಷ್ಟ’ ಎಂದು ಹೆಸರಿಸಿದ್ದಾರೆ. ಸಾವಿಗೆ ಸೂತಕವಿದೆ, ವಿಧಿಯಿದೆ, ನೆಂಟರ ಸಾಂತ್ವನವಿದೆ. ಮಗಳ ಹೆಸರನ್ನೇ ಮರೆತ ತಂದೆಗಾಗಿ ಅಳುವುದಕ್ಕೆ ಅಂತಹ ಯಾವ ಏರ್ಪಾಡೂ ಇಲ್ಲ. ೨೦೧೬ರಲ್ಲಿ ತೆರೆಕಂಡ, ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಲನಚಿತ್ರವು ಮರೆವಿನ ಕಾಯಿಲೆಯ ತಂದೆ ಮತ್ತು ವೃತ್ತಿಯ ಹಂಬಲದಲ್ಲಿರುವ ತರುಣ ಮಗನ ಸಂಬಂಧವನ್ನು ಕೇಂದ್ರವಾಗಿಸಿಕೊಂಡಿತು. ಜನಪ್ರಿಯ ಮಾಧ್ಯಮವೊಂದರಲ್ಲಿ ಈ ವಸ್ತು ಹೀಗೆ ಬಂದುದು ಗಮನಾರ್ಹ.

ಗೆಳೆಯರ ವಲಯದಿಂದ ದೂರವಾಗುವುದು ಇನ್ನೊಂದು ಪರಿಣಾಮ. ನಡುವಯಸ್ಸಿನ ಆರೈಕೆದಾರರಿಗೆ ಅದೇ ಸ್ಥಿತಿಯಲ್ಲಿರುವ ಓರಗೆಯವರು ಸಿಗುತ್ತಾರೆ. ಇಪ್ಪತ್ತೆರಡು ವರ್ಷದವರಿಗೆ ಅಂತಹ ಜೊತೆ ವಿರಳ. ಊರು ಬಿಟ್ಟು ಹೋದವರ ಸಂಕಟ ಇದಕ್ಕಿಂತ ಬೇರೆ. ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು ಹಣ ಕಳುಹಿಸಿ, ದೂರವಾಣಿಯಲ್ಲಿ ವಿಚಾರಿಸಿ, ನೆರೆಯವರನ್ನೂ ಹೋಂ ನರ್ಸ್‌ಗಳನ್ನೂ ಅವಲಂಬಿಸಿ ಆರೈಕೆಯನ್ನು ನಿರ್ವಹಿಸುತ್ತಾರೆ. ಅಪರಾಧಿ ಭಾವವು ಅವರ ಪಾಲಿನ ಹೊರೆಯಾಗುತ್ತದೆ. ಊರಿನಲ್ಲಿ ಉಳಿದವರಿಗೂ ಹಣ ಕಳುಹಿಸುವವರಿಗೂ ನಡುವೆ ಏಳುವ ಅಣ್ಣತಮ್ಮಂದಿರ ಮನಸ್ತಾಪಗಳು ಹಲವೊಮ್ಮೆ ಆಸ್ತಿ ಪಾಲಿನ ವ್ಯಾಜ್ಯಗಳಾಗಿ ಹೊರಬೀಳುತ್ತವೆ.

ಇಷ್ಟಾದರೂ ಪರಿಣಾಮಗಳೆಲ್ಲವೂ ಹಾನಿಕರವೆಂದು ತೀರ್ಮಾನಿಸಲಾಗದು. ಶುಶ್ರೂಷೆಯ ಕೌಶಲ, ತಾಳ್ಮೆ, ಸಾವಿನ ಸಾಮೀಪ್ಯದಿಂದ ಬರುವ ಪ್ರೌಢತೆ, ಹಿರಿಯರಿಂದ ದೊರೆಯುವ ಭಾಷೆ, ಕಥೆ, ಕುಲವೃತ್ತಾಂತಗಳು ಇವು ನಿಜವಾದ ಗಳಿಕೆಗಳು. ಅಜ್ಜಿಯ ಜೊತೆಗೆ ಕಳೆದ ಕೊನೆಯ ವರ್ಷಗಳನ್ನು ಬದುಕಿನ ಸಾರ್ಥಕ ಭಾಗವೆಂದು ನೆನೆಯುವವರು ಅನೇಕರಿದ್ದಾರೆ. ಆದರೆ ಈ ಗಳಿಕೆಗಳು ದೊರೆಯಬೇಕಾದರೆ ಹೊಣೆ ಹಂಚಿಕೆಯಾಗಿರಬೇಕು, ನಡುನಡುವೆ ಬಿಡುವು ಇರಬೇಕು. ಒಬ್ಬರ ಮೇಲೆಯೇ ಬಿದ್ದ ಆರೈಕೆಯಲ್ಲಿ ಪ್ರೀತಿಯೂ ಸವೆಯುತ್ತದೆ, ಅದರ ಫಲವನ್ನು ಕೊನೆಗೆ ಅನುಭವಿಸುವವರು ಹಾಸಿಗೆಯಲ್ಲಿರುವ ಹಿರಿಯರೇ.

ಕಾನೂನು ಮತ್ತು ಯೋಜನೆಗಳು

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, ೨೦೦೭ ಈ ಕ್ಷೇತ್ರದ ಪ್ರಧಾನ ಶಾಸನ. ನಿರ್ಲಕ್ಷ್ಯಕ್ಕೆ ಒಳಗಾದ ಹಿರಿಯರು ನ್ಯಾಯಮಂಡಳಿಯ ಮೂಲಕ ತಿಂಗಳಿಗೆ ಗರಿಷ್ಠ ೧೦,೦೦೦ ರೂಪಾಯಿಗಳವರೆಗೆ ಜೀವನಾಂಶ ಪಡೆಯಲು ಇದು ಅವಕಾಶ ಕಲ್ಪಿಸಿತು. ಹಿರಿಯರನ್ನು ತೊರೆಯುವುದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ‘ಮಕ್ಕಳು’ ಎಂಬ ಪದಕ್ಕೆ ಈ ಅಧಿನಿಯಮವು ನೀಡಿರುವ ಅರ್ಥದಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಸೇರಿದ್ದು, ಅಪ್ರಾಪ್ತ ವಯಸ್ಕರನ್ನು ಮಾತ್ರ ಹೊರಗಿರಿಸಲಾಗಿದೆ. ಅಂದರೆ ಹದಿನೆಂಟು ತುಂಬಿದ ಮೊಮ್ಮಗಳೂ ಶಾಸನದ ಪರಿಭಾಷೆಯಲ್ಲಿ ಹೊಣೆಗಾರಳೇ. ಸೊಸೆ ಅಳಿಯಂದಿರನ್ನೂ ಈ ವ್ಯಾಖ್ಯೆಯೊಳಗೆ ತರಲು, ಮನೆಯಲ್ಲಿ ನೀಡುವ ಆರೈಕೆ ಸೇವೆಗಳನ್ನು ನಿಯಂತ್ರಿಸಲು ಉದ್ದೇಶಿಸಿದ ತಿದ್ದುಪಡಿ ಮಸೂದೆಯು ೨೦೧೯ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಅಂಗೀಕಾರವಾಗದೆ ೨೦೨೪ರಲ್ಲಿ ಆ ಲೋಕಸಭೆಯೊಂದಿಗೆ ರದ್ದಾಯಿತು. ಶಾಸನವು ಹಿರಿಯರಿಗೆ ನೀಡಿದ ರಕ್ಷಣೆ ಅಗತ್ಯವಾದುದು. ಆದರೆ ಹೊಣೆ ಹೊತ್ತ ಕಿರಿಯರಿಗೆ ಯಾವ ನೆರವು ದೊರೆಯಬೇಕೆಂಬುದರ ಬಗ್ಗೆ ಅದು ಮೌನವಾಗಿದೆ.

ಸೇವಾ ನಿಯಮಗಳಲ್ಲಿಯೂ ಇದೇ ಸ್ಥಿತಿ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗಾಗಿ ಇಡೀ ಸೇವಾವಧಿಯಲ್ಲಿ ೭೩೦ ದಿನಗಳ ರಜೆಯನ್ನು ೨೦೦೮ರಲ್ಲಿ ಜಾರಿಗೆ ತರಲಾಯಿತು. ಮುಪ್ಪಿನ ತಂದೆತಾಯಿಗಳ ಆರೈಕೆಗೆ ಅದಕ್ಕೆ ಸಮನಾದ ಪ್ರತ್ಯೇಕ ರಜೆಯಿಲ್ಲ. ೨೦೨೪ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ಎಪ್ಪತ್ತು ವರ್ಷ ಮೀರಿದವರೆಲ್ಲರಿಗೂ ವಿಸ್ತರಿಸಲಾಯಿತಾದರೂ, ಅದು ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು, ಮನೆಯಲ್ಲಿನ ನಿತ್ಯದ ಆರೈಕೆಗೆ ಅನ್ವಯಿಸುವುದಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, ೨೦೧೬ ಆರೈಕೆದಾರರನ್ನು ವ್ಯಾಖ್ಯಾನಿಸಿ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಪ್ರಸ್ತಾಪಿಸಿದೆ. ವೃದ್ಧರ ವಿಷಯದಲ್ಲಿಯೂ ಈ ಮಾದರಿ ಪರಿಶೀಲನಾರ್ಹ. ನೆರೆಯ ಕೇರಳದಲ್ಲಿ ೨೦೦೮ರ ಉಪಶಾಮಕ ಆರೈಕೆ ನೀತಿಯು ಸ್ಥಳೀಯ ಸಂಸ್ಥೆಗಳ ಮೂಲಕ ಮನೆಬಾಗಿಲಿಗೆ ಶುಶ್ರೂಷಕಿಯರನ್ನು ಕಳುಹಿಸುವ ವ್ಯವಸ್ಥೆಗೆ ಹಾದಿ ಮಾಡಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಮಾಸಿಕ ಸಹಾಯಧನ ನೀಡುವ ಯೋಜನೆಯೂ ಅಲ್ಲಿದೆ. ಬ್ರಿಟನ್ನಿನಲ್ಲಿ ೨೦೦೧ರ ಜನಗಣತಿಯು ವೇತನರಹಿತ ಆರೈಕೆಯ ಬಗ್ಗೆ ಮೊದಲ ಬಾರಿಗೆ ಪ್ರಶ್ನೆ ಕೇಳಿತು, ಯುವ ಆರೈಕೆದಾರರೆಂಬ ವರ್ಗ ಅಲ್ಲಿನ ನೀತಿಯಲ್ಲಿ ಸ್ಥಾನ ಪಡೆಯಲು ಇಂತಹ ಎಣಿಕೆ ನೆರವಾಯಿತು. ಎಣಿಕೆಗೆ ಬಾರದ ದುಡಿಮೆ ನೀತಿಗೂ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಯುವ ವಯಸ್ಕರ ಮೇಲೆ ಬೀಳುವ ಆರೈಕೆಯ ಹೊಣೆಗೆ ಮೌಲ್ಯಗಳ ಕುಸಿತ ಕಾರಣವಲ್ಲ, ಆಯುಷ್ಯ, ಸಂತಾನ ಮತ್ತು ವಲಸೆಗಳಲ್ಲಿ ಆದ ಬದಲಾವಣೆ ಕಾರಣ. ಅದರ ಪರಿಣಾಮ ಬದುಕಿನ ಆರಂಭದ ಘಟ್ಟದಲ್ಲಿ ಆಗುವುದರಿಂದ ದೀರ್ಘಕಾಲ ಉಳಿಯುತ್ತದೆ, ಹೆಣ್ಣುಮಕ್ಕಳ ಮೇಲೆ ಹೆಚ್ಚಾಗಿ ಬೀಳುತ್ತದೆ. ಕಾಲೇಜುಗಳಲ್ಲಿ ಹಾಜರಾತಿಯ ವಿನಾಯಿತಿ, ನೇಮಕಾತಿಯಲ್ಲಿ ವಯೋಮಿತಿಯ ಸಡಿಲಿಕೆ, ತಾಲ್ಲೂಕು ಮಟ್ಟದಲ್ಲಿ ಹಗಲು ಆರೈಕೆ ಕೇಂದ್ರಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಮನೆಭೇಟಿ ಮತ್ತು ತರಬೇತಿ ಇವು ಅಸಾಧ್ಯವಾದ ಕ್ರಮಗಳಲ್ಲ. ನಿಮ್ಹಾನ್ಸ್ ಸಂಸ್ಥೆಯು ಮುಖ್ಯ ಕೇಂದ್ರವಾಗಿ ೨೦೨೨ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮಾನಸ್ ದೂರವಾಣಿ ಸೇವೆಯನ್ನು ಆರೈಕೆದಾರರ ಕಡೆಗೂ ವಿಶೇಷವಾಗಿ ತಿರುಗಿಸಬಹುದಾಗಿದೆ. ಸಂಶೋಧನೆಯ ಮಟ್ಟದಲ್ಲಿ, ಜಿಲ್ಲಾವಾರು ಕ್ಷೇತ್ರಕಾರ್ಯ ಮತ್ತು ಆರೈಕೆದಾರರ ಸ್ವಂತ ಮಾತುಗಳ ಸಂಗ್ರಹ ಕನ್ನಡದಲ್ಲಿ ನಡೆಯಬೇಕಾಗಿದೆ. ಹಿರಿಯರ ಘನತೆ ಮತ್ತು ಕಿರಿಯರ ಭವಿಷ್ಯ ಒಂದಕ್ಕೊಂದು ಎದುರಾದ ಬೇಡಿಕೆಗಳಲ್ಲ. ಕಿರಿಯರ ಓದು, ದುಡಿಮೆ, ಆರೋಗ್ಯಗಳು ಉಳಿದಲ್ಲಿ ಮಾತ್ರ ಹಿರಿಯರಿಗೆ ಆಸರೆಯೂ ಉಳಿಯುತ್ತದೆ.